ಅಡುಗೆಮನೆಯಲ್ಲಿ ಚಪ್ಪಲಿ

ಅಂದಪ್ಪನ ಮನೆಯ ಗ್ರೈಂಡರ್ ಮುಟ್ಟಿದರೆ ಶಾಕ್ ಹೊಡೆದು ಕಡಿಯುತ್ತದೆ ಎಂಬುದು ಆ ಮನೆಯ ಹೆಂಗಸರಿಗೆಲ್ಲ ಗೊತ್ತಿತ್ತು. ಗಂಡಸರಿಗೆ ಅದರ ಚಿಂತೆ ಇರಲಿಲ್ಲ, ಯಾಕೆಂದರೆ ಅವರು ಅದನ್ನು ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ. ಫ್ರಿಜ್ಜಿನ ಹಿಡಿಕೆಯೂ ಕಡಿಯುತ್ತಿತ್ತು, ಕೈ ಒದ್ದೆಯಿದ್ದರೆ ಇನ್ನೂ ಜೋರು. ಇಸ್ತ್ರಿಪೆಟ್ಟಿಗೆಯ ಕಾಟ ತಾಳಲಾರದೆ ಅದನ್ನು ಎಂದೋ ಅಟ್ಟಕ್ಕೆ ಎಸೆದು, ಅಂಗಿಗಳನ್ನು ಹೊರಗೆ ಕೊಡುತ್ತಿದ್ದರು. ಇಂಥದ್ದಕ್ಕೆಲ್ಲ ಹೊಂದಿಕೊಂಡು ಹೋಗುವುದಕ್ಕೆ ನಮ್ಮ ಕಡೆ ಸಂಸಾರ ಅನ್ನುತ್ತಾರೆ.

ಮನೆ ಇರುವುದು ತಳಕಲ್ಲಿನ ಹಳೇ ಓಣಿಯಲ್ಲಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮುಂದೆ ಕೆಂಪು ಗ್ರಾನೈಟ್ ಹಾಸಿದ ಅಂಗಳ. ಒಳಗಿನ ವೈರಿಂಗನ್ನು ಅಂದಪ್ಪ 1988ರಲ್ಲಿ ತನ್ನ ಕೈಯಾರೆ ಮಾಡಿದ್ದ. ಸಾಗವಾನಿ ಪಟ್ಟಿ, ಅದರ ಮೇಲೆ ಸಾಲಾಗಿ ತಗಡಿನ ಕ್ಲಿಪ್ಪು, ಕರೀ ಗುಂಡು ಸ್ವಿಚ್ಚು. ಅವನು ಮುನಿರಾಬಾದಿನ ಡ್ಯಾಮ್ ಕಾಲನಿಯಲ್ಲಿ ಮೂವತ್ನಾಲ್ಕು ವರ್ಷ ವೈರ್‌ಮನ್ ಆಗಿ ದುಡಿದು ನಿವೃತ್ತನಾದವನು. ಎಪ್ಪತ್ತೊಂದರ ಈ ವಯಸ್ಸಿನಲ್ಲೂ ಮನೆಗೆ ಬಂದವರಿಗೆ ಮೊದಲು ಚಹಾ ಅಲ್ಲ, ಗೋಡೆ ತೋರಿಸುತ್ತಿದ್ದ. “ನೋಡ್ರಿ, ದಾರ ಹಿಡದಂಗ ಐತಿ ಅಲ್ರಿ ಸಾಲು?” ಎಂದು ಕೇಳುತ್ತಿದ್ದ. ಬಂದವರು ಹೌದು ಎನ್ನದೆ ಚಹಾ ಬರುತ್ತಿರಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಒಂದು ಭಾನುವಾರ ಮುಂಜಾನೆ ಸೊಸೆ ಶಿವಲೀಲಾ ಹಾಲಿನ ಪಾತ್ರೆ ಹಿಡಿದು ಅಡುಗೆಮನೆಗೆ ಬಂದಳು. ಅತ್ತೆ ವಿರೂಪಾಕ್ಷಮ್ಮ ಮೊಮ್ಮಗಳನ್ನು ಗ್ರೈಂಡರಿನ ಮುಂದೆ ನಿಲ್ಲಿಸಿಕೊಂಡಿದ್ದಳು. ಭವಾನಿಗೆ ಏಳು ವರ್ಷ. ದೋಸೆ ಹಿಟ್ಟು ತಾನೇ ರುಬ್ಬುತ್ತೇನೆಂದು ಹಟ ಹಿಡಿದಿದ್ದಳಂತೆ.

“ಮೊದಲು ಲಂಗಕ್ಕ ಕೈ ಒರಸಿಕೋ. ಹಾಂ. ಈಗ ಕಟ್ಟಿಗಿ ಮಣಿ ಹತ್ತು. ಎರಡೂ ಕಾಲು ಮಣಿ ಮ್ಯಾಲ ಇರಬೇಕು. ಹೆಬ್ಬೆರಳು ಸುದ್ದಾ ನೆಲಕ್ಕ ತಾಗಬಾರದು.”

“ತಾಗಿದ್ರ ಏನಾಕ್ಕೈತಿ ಅಜ್ಜೀ?”

“ಜುಮ್ ಅಂತೈತಿ. ಅದಕ್ಕ ಮೊದಲು ಬೆರಳಿನ ಹಿಂದಿನಿಂದ ಮುಟ್ಟಿ ನೋಡಬೇಕು. ಹಿಂಗ. ಅಂಗೈಲೆ ಗಪ್ಪನ ಹಿಡೀಬಾರದು. ಹಿಡದ್ರ ಅದು ಬಿಡಂಗಿಲ್ಲ.”

ಅಜ್ಜಿಯ ದನಿಯಲ್ಲಿ ಪ್ರೀತಿಯಿತ್ತು. ರೊಟ್ಟಿ ಬಡಿಯುವುದನ್ನು ಕಲಿಸುವಾಗ ಎಷ್ಟು ತಾಳ್ಮೆಯೋ ಇಲ್ಲಿಯೂ ಅಷ್ಟೇ ತಾಳ್ಮೆ. ಒಂಬತ್ತು ವರ್ಷದ ಹಿಂದೆ, ಮದುವೆಯಾಗಿ ಬಂದ ವಾರದಲ್ಲೇ, ಶಿವಲೀಲಾ ಇದೇ ಪಾಠವನ್ನು ಇದೇ ಬಾಯಿಂದ ಕಲಿತಿದ್ದಳು. ಆಗ ತಲೆಯಾಡಿಸಿದ್ದಳು. ಈಗ ಮಗಳು ತಲೆಯಾಡಿಸುವುದನ್ನು ನೋಡಿ ಅವಳ ಮೈಯೆಲ್ಲ ಉರಿಯಿತು. ಹಾಲಿನ ಪಾತ್ರೆ ಇಟ್ಟು, ಮಗಳ ರಟ್ಟೆ ಹಿಡಿದು ಮಣೆಯಿಂದ ಕೆಳಗಿಳಿಸಿದಳು.

“ಏನ್ ಕಲಸಾಕತ್ತೀರಿ ಅತ್ತೀ ಈಕಿಗೆ?”

“ಅಡಗಿ ಮನಿ ಕೆಲಸ. ನಾಳೆ ಕೊಟ್ಟ ಮನ್ಯಾಗ ಗ್ರೈಂಡರ್ ಇರೂದಿಲ್ಲೇನು?”

“ಅಲ್ಲೀ ಗ್ರೈಂಡರೂ ಕಡೀತೈತಿ ಅಂತ ಈಗಲೇ ಗೊತ್ತಾತೇನು ನಿಮಗ?”

ವಿರೂಪಾಕ್ಷಮ್ಮ ನಕ್ಕಳು. “ಯಾವ ಮನ್ಯಾಗ ಕಡಿಯಂಗಿಲ್ಲ ಹೇಳು, ಲೀಲಾ. ಕರೆಂಟ್ ಅಂದ ಮ್ಯಾಲ ಕಡೀತೈತಿ.”

“ಒಂದಿನ ಮೈಮರೆತು ಬರಿಗಾಲಿಲೆ ಹಿಡದ್ರ ಏನ್ ಮಾಡೂದ್ರಿ? ಆಕಿ ಸಣ್ಣಾಕಿ.”

“ಅದಕ್ಕ ಅಲ್ಲೇನು ಕಲಸಾಕತ್ತಿದ್ದು?”

ಶಿವಲೀಲಾ ಮಗಳನ್ನು ಹೊರಗೆ ಆಡಲು ಕಳಿಸಿದಳು. ಮರುದಿನ ಗಂಡ ಹಾಲೇಶ ಕೊಪ್ಪಳಕ್ಕೆ ಹೊರಟಾಗ, ಬರುವಾಗ ಎರಡು ಜೊತೆ ರಬ್ಬರ್ ಚಪ್ಪಲಿ ತರಬೇಕು, ಒಂದು ತನ್ನ ಅಳತೆಯದು, ಒಂದು ಭವಾನಿಯದು ಎಂದಳು. ಹಾಲೇಶ ಅಲ್ಲಿ ಟ್ರ್ಯಾಕ್ಟರ್ ಶೋರೂಮಿನ ಬಿಡಿಭಾಗಗಳ ಕೌಂಟರಿನಲ್ಲಿ ಕೂರುವವನು. ಗಿರಾಕಿ ಕೇಳಿದ್ದನ್ನು ಕೊಟ್ಟು ಅಭ್ಯಾಸ, ಯಾಕೆ ಎಂದು ಕೇಳಿ ಅಭ್ಯಾಸವಿಲ್ಲ. ತಂದುಕೊಟ್ಟ.

ಆ ಸಂಜೆ ಶಿವಲೀಲಾ ಹೊಸ ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಯಲ್ಲಿ ಪಲ್ಯಕ್ಕೆ ಒಗ್ಗರಣೆ ಹಾಕಿದಳು. ಅಡುಗೆಮನೆಯ ಮೂಡಣ ಮೂಲೆಯಲ್ಲೇ ದೇವರ ಜಗಲಿ. ದೀಪ ಹಚ್ಚಲು ಬಂದ ವಿರೂಪಾಕ್ಷಮ್ಮನಿಗೆ ಮೊದಲು ಸಪ್ಪಳ ಕೇಳಿಸಿತು, ಆಮೇಲೆ ನೀಲಿ ಪಟ್ಟಿ ಕಾಣಿಸಿತು. ಕೈಯಲ್ಲಿದ್ದ ಎಣ್ಣೆ ಬಟ್ಟಲನ್ನು ಜಗಲಿಯ ಮೇಲೆ ಕುಕ್ಕಿದಳು.

“ಯವ್ವಾ! ದೇವರ ಮುಂದ ಚಪ್ಪಲಿ!”

“ಹೊಸಾವು ಅತ್ತೀ. ಬೀದಿ ಕಂಡಿಲ್ಲ.”

“ಚಪ್ಪಲಿ ಅಂದ್ರ ಚಪ್ಪಲಿನ. ತಗಿ ಮೊದಲು.”

“ಗ್ರೈಂಡರ್ ಕಡಿಯೂದು ನಿಂತ ದಿನ ತಗೀತೀನಿ. ಅಲ್ಲಿ ತನಕ ನಾನೂ ನನ್ನ ಮಗಳೂ ಚಪ್ಪಲಿ ಇಲ್ಲದ ಈ ಮನ್ಯಾಗ ಕಾಲ ಇಡಂಗಿಲ್ಲ.”

ಗದ್ದಲ ಕೇಳಿ ಅಂದಪ್ಪ ಬಾಗಿಲಿಗೆ ಬಂದ. ಚಪ್ಪಲಿ ನೋಡಿ ಅವನಿಗೂ ಸಿಟ್ಟು ಬಂತು. ಕಾರಣ ಕೇಳಿದ ಮೇಲೆ ಸಿಟ್ಟು ದುಪ್ಪಟ್ಟಾಯಿತು. ತನ್ನ ಮನೆಯಲ್ಲಿ ಶಾಕ್ ಹೊಡೆಯುತ್ತದೆ ಎನ್ನುವುದು ಅಡುಗೆಯವನ ಮನೆಯ ಅನ್ನ ಹಳಸಿದೆ ಅಂದ ಹಾಗೆ.

“ನನ್ನ ವೈರಿಂಗ್‌ನಾಗ ದೋಷ ಇಲ್ಲ. ಆ ಗ್ರೈಂಡರ್ ನಿಮ್ಮಪ್ಪ ಕೊಟ್ಟದ್ದು. ಕುಷ್ಟಗಿ ಸಂತ್ಯಾಗ ಅಗ್ಗಕ್ಕ ಸಿಕ್ಕೈತಿ ಅಂತ ತಂದಿರತಾನ. ದೋಷ ಅದರಾಗ ಐತಿ.”

ತವರಿನ ಮಾತು ಬಂದರೆ ಯಾವ ಸೊಸೆ ಸುಮ್ಮನಿರುತ್ತಾಳೆ?

“ಫ್ರಿಜ್ ಯಾರ ತಂದಿದ್ರಿ ಮಾವಾರ? ಅದೂ ಕಡೀತೈತಿ.”

ಫ್ರಿಜ್ ತಂದವನು ಅಂದಪ್ಪನೇ. “ನಾನು ದೊಡ್ಡ ದೊಡ್ಡ ಸಾಹೇಬರ ಬಂಗ್ಲೆಕ್ಕ ವೈರಿಂಗ್ ಮಾಡಿದಾಂವ, ನನಗ ಕಲಸಾಕ ಬರತೀಯೇನು?” ಎಂದು ಪಡಸಾಲೆಗೆ ಹೋಗಿ ಟಿವಿ ಜೋರು ಮಾಡಿದ.

ವಿರೂಪಾಕ್ಷಮ್ಮ ಮಾತು ಬೆಳೆಸಲಿಲ್ಲ. ಮರುದಿನ ಸಣ್ಣ ಸಿಲಿಂಡರಿನ ಒಲೆಯನ್ನು ಪಡಸಾಲೆಗೆ ಎಳೆದುಕೊಂಡಳು, ಒಂದು ಹಂಚು, ಹಿಟ್ಟು ನಾದುವ ಒಂದು ಕೊಣಮಗಿ, ಎರಡು ಪಾತ್ರೆ ಸಾಲಾಗಿ ಇಟ್ಟುಕೊಂಡಳು. ದೇವರಿಗೆ ದೀಪ ಹಚ್ಚಲು ಮಾತ್ರ ಒಳಗೆ ಬರುವಳು. ಚಪ್ಪಲಿ ಮೆಟ್ಟಿ ಮಾಡಿದ ಅಡುಗೆ ತನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಓಣಿಗೆ ಕೇಳುವ ಹಾಗೆ ಹೇಳಿದಳು. ಒಂದೇ ಮನೆಯಲ್ಲಿ ಎರಡು ಕಡೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಒಬ್ಬಳು ಜೋರಾಗಿ ಬಡಿದರೆ ಇನ್ನೊಬ್ಬಳು ಇನ್ನೂ ಜೋರು.

ಇದರಲ್ಲಿ ಹಣ್ಣಾದವನು ಹಾಲೇಶ. ಸಂಜೆ ಏಳಕ್ಕೆ ಕೊಪ್ಪಳದಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ತಾಯಿ ತಾಟು ಹಾಕುವಳು. ಅಲ್ಲಿ ಎರಡು ರೊಟ್ಟಿ, ಹೆಸರುಬೇಳೆ. ಕೈ ತೊಳೆದು ಎದ್ದರೆ ಒಳಗಿನಿಂದ ಹೆಂಡತಿಯ ದನಿ. ಅಲ್ಲಿ ಮತ್ತೆರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು. ಒಂದು ಕಡೆ ಬೇಡ ಅಂದರೆ ಇನ್ನೊಂದು ಕಡೆ ಪಕ್ಷ ವಹಿಸಿದ ಹಾಗೆ. ಮೂರನೇ ವಾರಕ್ಕೆ ಪ್ಯಾಂಟಿನ ಗುಂಡಿ ಕೂಡದಾಯಿತು, ಅಂಗಡಿಯಲ್ಲಿ ಜೀರಿಗೆ ಸೋಡಾ ಕುಡಿಯುವುದು ದಿನದ ಕೆಲಸವಾಯಿತು. ಅಂದಪ್ಪ ಹೆಂಡತಿಯ ಕಡೆ ಉಣ್ಣುತ್ತಿದ್ದ, ಮೂಗು ಮಾತ್ರ ಎಣ್ಣೆಗಾಯಿಯ ಕಡೆ ತಿರುಗುತ್ತಿತ್ತು. ಭವಾನಿ ಯಾವ ಪಕ್ಷಕ್ಕೂ ಸೇರದೆ, ಎರಡೂ ಕಡೆಯ ಬೆಲ್ಲ ತಿಂದು ಸುಖವಾಗಿದ್ದಳು.

“ಲೀಲಾ, ಸಾಕ ಮಾಡು,” ಎಂದ ಹಾಲೇಶ ಒಂದು ದಿನ, ಬಟ್ಟೆ ಒಣಹಾಕುತ್ತಿದ್ದ ಹೆಂಡತಿಯ ಹಿಂದೆ ನಿಂತು. “ಅಪ್ಪಗ ಎಪ್ಪತ್ತೊಂದು ವರ್ಷ. ಆ ಪಟ್ಟಿಗಳೊಳಗ ಅವನ ಜೀವ ಐತಿ. ಅಂವ ಇರೂ ತನಕ ಹೆಂಗೋ ನಡೀಲಿ. ಆಮ್ಯಾಲ ಎಲ್ಲಾ ಕಿತ್ತಿ ಹೊಸಾದು ಮಾಡೂಣು.”

“ಅವರು ಇರೂ ತನಕ ಅನಬ್ಯಾಡ್ರಿ. ಭವಾನಿ ಇರೂ ತನಕ ಅನ್ರಿ.”

“ಏನ್ ಮಾತಂತ ಆಡ್ತೀ!”

“ಆಡಬಾರದ ಮಾತ, ಗೊತ್ತೈತಿ. ಆಡದಿದ್ರ ನಿಮಗ ಕೇಳೂದಿಲ್ಲ.” ಅವಳು ಒದ್ದೆ ಟವೆಲನ್ನು ಝಾಡಿಸಿದಳು. “ಯುಗಾದಿಯೊಳಗ ಈ ಮನಿ ವೈರಿಂಗ್ ಬದಲಾಗಲಿಲ್ಲ ಅಂದ್ರ ನಾನು ಮಗಳನ್ನ ಕರಕೊಂಡು ಕುಷ್ಟಗಿಗೆ ಹೊಕ್ಕೀನಿ. ಅತ್ತು ಕರೆದು ಹೋಗೂದಿಲ್ಲ. ಟಿಕೆಟ್ ತಗಸಿ ಬಸ್ ಹತ್ತತೀನಿ. ನಿಮಗ ಅನುಕೂಲ ಆದಾಗ ಬರ್ರಿ, ಅಲ್ಲಿ ಒಂದ ಕಡೆ ಊಟ ಸಿಗತೈತಿ.”

ಹಾಲೇಶನಿಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಹೆದರಿದ.

ಮುಂದಿನ ಭಾನುವಾರ ಶಿವಲೀಲಾ ಇನ್ನೊಂದು ಕೆಲಸ ಮಾಡಿದಳು. ಗಂಡನ ಕೈಯಿಂದ ಗ್ರೈಂಡರನ್ನು ತಳ್ಳುಗಾಡಿಗೆ ಏರಿಸಿ, ನಾಲ್ಕು ಮನೆ ಆಚೆ ಇದ್ದ ಲಾಲಬೀಯ ಮನೆಗೆ ನಡೆದಳು. ಲಾಲಬೀ ಹೋದ ವರ್ಷವಷ್ಟೇ ಹೊಸ ಮನೆ ಕಟ್ಟಿಸಿದ್ದಳು. ಅದರ ವೈರಿಂಗೆಲ್ಲ ಅವಳ ಮಗ ತಾಹೇರನದು. ಅವನು ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್. ಯಲಬುರ್ಗಾದಲ್ಲಿ ಅಂಗಡಿ ಇಟ್ಟಿದ್ದ.

“ಯಾಕಬೇ, ಗ್ರೈಂಡರ್ ಮಾರಾಕ ಹೊಂಟಿಯೇನು?” ಎಂದು ಕಟ್ಟೆಯ ಮೇಲಿನವರು ಕೇಳಿದರು.

“ಇಲ್ರಿ, ಪರೀಕ್ಷಾ ಬರಸಾಕ ಕರಕೊಂಡ ಹೊಂಟೀನಿ.”

ಲಾಲಬೀಯ ಅಡುಗೆಮನೆಯಲ್ಲಿ ಗ್ರೈಂಡರ್ ಗುರ್ರೆಂದು ತಿರುಗಿತು. ತಾಹೇರ ಟೆಸ್ಟರ್ ಹಚ್ಚಿ ನೋಡಿದ, ದೀಪ ಹತ್ತಲಿಲ್ಲ. ಶಿವಲೀಲಾ ಮೊದಲು ಬೆರಳಿನ ಹಿಂಬದಿಯಿಂದ ಮುಟ್ಟಿದಳು. ಆಮೇಲೆ ಅಂಗೈ ಇಟ್ಟಳು. ಏನೂ ಇಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಅಪ್ಪ ಕೊಟ್ಟ ಗ್ರೈಂಡರನ್ನು ಅಂಜಿಕೆಯಿಲ್ಲದೆ ಹಿಡಿದಿದ್ದಳು.

“ಪಾಪ, ನಮ್ಮನಿಗೆ ಬಂದು ಕಡಿಯೂದ ಮರತೈತಿ ನೋಡು,” ಎಂದು ಲಾಲಬೀ ನಕ್ಕಳು. ಆಮೇಲೆ ನಗುವುದು ಬಿಟ್ಟು, “ಇಷ್ಟ ವರ್ಷ ಹೆಂಗ್ ತಾಳ್ಕೊಂಡ್ರಿಬೇ?” ಎಂದಳು.

ಗ್ರೈಂಡರ್ ವಾಪಸು ಬಂದು ತನ್ನ ಜಾಗದಲ್ಲಿ ಕೂತಿತು. ಶಿವಲೀಲಾ ಸ್ವಿಚ್ಚು ಹಾಕಿ ಮಾವನನ್ನು ಕರೆದಳು. ವಿರೂಪಾಕ್ಷಮ್ಮ ಪಡಸಾಲೆಯಿಂದಲೇ ಕತ್ತು ಚಾಚಿದಳು.

“ಲಾಲಬೀ ಅವರ ಮನ್ಯಾಗ ಇದು ಕಡೀಲಿಲ್ಲ ಮಾವಾರ.”

“ಅವರದು ಟೈಲ್ಸ್ ನೆಲ. ಒಣಾ ನೆಲ,” ಎಂದ ಅಂದಪ್ಪ.

“ಆತು. ನಿಮ್ಮ ವೈರಿಂಗೂ ಛಲೋ ಐತಿ, ನಮ್ಮಪ್ಪನ ಗ್ರೈಂಡರೂ ಛಲೋ ಐತಿ ಅಂತ ತಿಳ್ಕೊಳೂಣು. ಹಂಗಿದ್ರ ಹೆದರೂದು ಏನೈತಿ? ನೀವು ಬಂದು ಒಂದ್ಸಲ ಮುಟ್ರಿ.”

“ಮುಟ್ಟತೀನಿ, ಅದಕ್ಕೇನು?” ಅಂದಪ್ಪ ಧೋತರ ಎತ್ತಿ ಕಟ್ಟಿ ಒಳಗೆ ಬಂದ. ಪಾತ್ರೆ ತೊಳೆದ ನೀರು ನೆಲದ ಮೇಲೆ ಹರಿದಿತ್ತು. ಅವನ ಕಣ್ಣು ಅದನ್ನು ನೋಡಿತು. ಕಾಲು ತನ್ನಷ್ಟಕ್ಕೆ ತಾನೇ ಮಣೆಯನ್ನು ಹತ್ತಿರ ಎಳೆದುಕೊಂಡು ಅದರ ಮೇಲೆ ಏರಿತು. ಕೈ ಚಾಚಿದಾಗ ಬೆರಳುಗಳು ಒಳಮುಖವಾಗಿ ಮಡಚಿದ್ದವು.

“ಮಣಿ ಇಳೀರಿ ಮಾವಾರ,” ಎಂದಳು ಶಿವಲೀಲಾ ಮೆಲ್ಲಗೆ.

ಅಂದಪ್ಪ ಅಲ್ಲೇ ನಿಂತ. ಗ್ರೈಂಡರ್ ಖಾಲಿ ತಿರುಗುತ್ತಿತ್ತು. ಮೂವತ್ನಾಲ್ಕು ವರ್ಷ ಕರೆಂಟಿನ ಜೊತೆ ಬಾಳಿದ ಮನುಷ್ಯನಿಗೆ ಒದ್ದೆ ನೆಲ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಅವನು ಇಳಿದ, ಆದರೆ ಬಾಗಿಲಿನ ಕಡೆಗೆ ಇಳಿದ. ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

“ಅಜ್ಜಗೂ ಅಜ್ಜಿನ ಕಲಿಸ್ಯಾಳೇನವ್ವಾ?” ಎಂದು ಭವಾನಿ ಕೇಳಿದಳು. ಹಾಲೇಶ ಗ್ರೈಂಡರ್ ಬಂದ್ ಮಾಡಿದ.

ವಿರೂಪಾಕ್ಷಮ್ಮ ಇದನ್ನೆಲ್ಲ ನೋಡಿದ್ದಳು. ಆದರೂ ಚಪ್ಪಲಿಯ ಸಿಟ್ಟು ಇಳಿದಿರಲಿಲ್ಲ. ಮಂಗಳವಾರ ಮಧ್ಯಾಹ್ನ ಗಂಗಾವತಿಗೆ, ಮಗಳು ರೇಣುಕಮ್ಮನಿಗೆ ಫೋನ್ ಹಚ್ಚಿ ಸೊಸೆಯ ಪ್ರತಾಪವನ್ನು ಒಂದೊಂದಾಗಿ ಬಿಚ್ಚಿಟ್ಟಳು. ದೇವರ ಮುಂದೆ ಚಪ್ಪಲಿ, ಮಾವನಿಗೆ ಸವಾಲು, ತಳ್ಳುಗಾಡಿಯ ಮೆರವಣಿಗೆ. ಮಗಳು ತನ್ನ ಪಕ್ಷ ಹಿಡಿಯುತ್ತಾಳೆ ಎಂಬ ಭರವಸೆ ಅವಳದು.

ರೇಣುಕಮ್ಮ ಎಲ್ಲ ಕೇಳಿಸಿಕೊಂಡಳು.

“ಯವ್ವಾ, ನಾ ಬಂದಾಗ ಫ್ರಿಜ್ ಮುಟ್ಟತೀನೇನು ನೀನ ಹೇಳು.”

“ಮುಟ್ಟಂಗಿಲ್ಲ. ನೀರ ಬೇಕಾದ್ರೂ ನನ್ನ ಕರೀತೀ. ಸೊಕ್ಕು ಅಂದ್ಕೊಂಡಿದ್ದೆ.”

“ಸೊಕ್ಕಲ್ಲಬೇ, ಹೆದರಿಕಿ. ನಾ ಬಂದ್ರ ಎರಡ ದಿನಕ್ಕ ಹೊಂಟ ಬಿಡತೀನಿ ಅಂತ ಅಳತೀ ಅಲ್ಲ? ಮೂರನೇ ದಿನ ಹುಡುಗರನ್ನ ಹಿಡಿಯೂದು ನನ್ನ ಕೈಲೆ ಆಗಂಗಿಲ್ಲ. ಎಲ್ಲಿ ಓಡಿ ಹೋಗಿ ಏನ್ ಮುಟ್ಟತಾವೋ ಅಂತ ನನಗ ತುತ್ತು ಇಳಿಯಂಗಿಲ್ಲ.”

ವಿರೂಪಾಕ್ಷಮ್ಮ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಹದಿನೈದು ವರ್ಷ ಅವಳು ಬೀಗತಿಯನ್ನು ಬೈದಿದ್ದಳು, ಮಗಳನ್ನು ನಾಲ್ಕು ದಿನ ಬಿಡುವುದಿಲ್ಲ ಎಂದು. ಅಳಿಯನನ್ನೂ ಬೈದಿದ್ದಳು. ಮಗಳ ಮದುವೆಗೆ ಅಂಗಳದಲ್ಲಿ ಕಲ್ಲು ಹಾಸಿದ ಮೇಲೆಯೇ ಮನೆಯಲ್ಲಿ ಈ ಕಡಿತ ಶುರುವಾದದ್ದು ಎಂದು ಅವಳಿಗೆ ಈಗ ಹೊಳೆಯಿತು. ಯಾರನ್ನು ಬೈಯಬೇಕಿತ್ತೋ ಅವನು ಎದುರಿಗೇ ದಿನಾ ಕೂತು ರೊಟ್ಟಿ ತಿನ್ನುತ್ತಿದ್ದ.

ಆ ದಿನವೂ ಅಂದಪ್ಪ ಊಟಕ್ಕೆ ಬಂದು ಕೂತ. ಅವಳು ರೊಟ್ಟಿ ಹಾಕಲಿಲ್ಲ.

“ಒಂದ್ ಮಾತ ಕೇಳತೀನಿ. ಖರೇ ಹೇಳ್ರಿ. ಅಂಗಳದಾಗ ಮೀಟರಿನ ಕೆಳಗ ಒಂದ್ ಗುಂಡಿ ಇತ್ತು. ಅದಕ್ಕ ದಿನಾ ಎರಡ ಕೊಡ ನೀರ ಹಾಕು ಅಂತ ನನಗ ಹೇಳಿದ್ರಿ. ಮೈಯಾಗ ಜ್ವರ ಇದ್ರೂ ಹಾಕೀನಿ, ಬಸುರಿ ಇದ್ದಾಗೂ ಹಾಕೀನಿ, ಇಪ್ಪತ್ತೆರಡ ವರ್ಷ ಹಾಕೀನಿ. ಅದು ಏನಾಗಿತ್ರಿ?”

ಅಂದಪ್ಪ ಖಾಲಿ ತಾಟನ್ನು ನೋಡಿದ. “ಅರ್ಥಿಂಗ್.”

ಅದು ಅವನೇ ತೋಡಿದ ಗುಂಡಿ. ಉಪ್ಪು ಇದ್ದಿಲು ತುಂಬಿ, ಕಬ್ಬಿಣದ ಪೈಪು ಹುಗಿದು, ಮನೆಯ ಅರ್ಥಿಂಗ್ ತಂತಿಯನ್ನು ಅದಕ್ಕೆ ಬಿಗಿದಿದ್ದ. ಎಲ್ಲಾದರೂ ಕರೆಂಟ್ ಸೋರಿದರೆ ಆ ತಂತಿ ಹಿಡಿದು ನೆಲಕ್ಕೆ ಇಳಿಯಬೇಕು, ಮನುಷ್ಯರ ಮೈಮೇಲಿಂದ ಇಳಿಯಬಾರದು. ಅದಕ್ಕೆ ಗುಂಡಿ ತೇವವಿರಬೇಕು. ಒಣಗಿದರೆ ಪೈಪು ಇದ್ದೂ ಇಲ್ಲದ ಹಾಗೆ. ರೇಣುಕಮ್ಮನ ಮದುವೆಗೆ ಅಂಗಳಕ್ಕೆ ಗ್ರಾನೈಟ್ ಹಾಸಿದಾಗ ಗುಂಡಿಯ ಮೇಲೂ ಕಲ್ಲು ಕೂತಿತು.

“ಕಲ್ಲು ಹಾಕಿದ ದಿನ ನಾ ಕೇಳಿದ್ದೆ, ಇನ್ನ ನೀರ ಎಲ್ಲಿ ಹಾಕ್ಲಿ ಅಂತ. ನೀವ್ ಏನಂದ್ರಿ?”

“ಇನ್ನ ಬ್ಯಾಡ ಅಂದೆ.”

“ಯಾಕ ಬ್ಯಾಡ ಅಂದ್ರಿ?”

“ಬೀಗರು ಬರೋರಿದ್ರು,” ಎಂದ ಅಂದಪ್ಪ. ದನಿ ಸಣ್ಣದಾಗಿತ್ತು. “ಅಂಥಾ ಕೆಂಪ ಕಲ್ಲಿನ ನಡುವ ತುಕ್ಕ ಹಿಡದ ಪೈಪು, ಕೆಸರು. ಛಂದ ಕಾಣತಿರಲಿಲ್ಲ. ಮದುವಿ ಮುಗೀಲಿ, ಆಮ್ಯಾಲ ಒಂದ್ ಕಲ್ಲ ಎಬ್ಬಿಸಿ ತೂತ ಬಿಡೂಣು ಅಂದ್ಕೊಂಡೆ.”

“ಬಿಟ್ರೇನು?”

“ಮರತೆ.”

“ಇಸ್ತ್ರಿ ಪೆಟಗಿ ಕಡೀತೈತಿ ಅಂತ ನಾ ಹೇಳಿದಾಗ?”

ಅಂದಪ್ಪ ತಾಟನ್ನು ಪಕ್ಕಕ್ಕೆ ಸರಿಸಿದ. ಇದ್ದ ಉತ್ತರ ಹೇಳಿದರೆ ಮನೆಯಲ್ಲಿ ಮುಖ ಎತ್ತಲಾಗುತ್ತಿರಲಿಲ್ಲ. ವೈರ್‌ಮನ್ ಅಂದಪ್ಪನ ಮನೆಯಲ್ಲೇ ಅರ್ಥಿಂಗ್ ಇಲ್ಲ ಎಂದು ಊರಿಗೆ ಗೊತ್ತಾಗುವುದಕ್ಕಿಂತ ಹೆಂಡತಿಗೆ ಮಣೆ ಹತ್ತಿ ನಿಲ್ಲು ಎನ್ನುವುದು ಅವನಿಗೆ ಸುಲಭವಾಗಿತ್ತು. ಹೌದು, ಮಣೆ ಹತ್ತುವ ಆ ಬುದ್ಧಿಯನ್ನು ಮೊದಲು ಕಲಿಸಿದವನು ಅವನೇ.

ವಿರೂಪಾಕ್ಷಮ್ಮ ಎದ್ದು, ಒಲೆಯನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು.

“ಲೀಲಾ, ತಾಹೇರಗ ಹೇಳಿ ಕಳಸು. ನಾಳೆ ಬರಲಿ.”

ಶಿವಲೀಲಾ ಬೆರಗಾಗಿ ನೋಡಿದಳು.

“ಹಂಗ ನೋಡಬ್ಯಾಡ. ಆ ಚಪ್ಪಲಿ ಈಗ ಸುದ್ದಾ ನನಗ ಒಪ್ಪಿಗಿ ಇಲ್ಲ. ಆ ಮಾತ ಬ್ಯಾರೆ.”

ತಾಹೇರ ಬಂದವನು ಮೊದಲು ಒಂದು ಬಲ್ಬಿಗೆ ಎರಡು ತಂತಿ ಕಟ್ಟಿ ತೋರಿಸಿದ. ಒಂದನ್ನು ಕರೆಂಟಿಗೂ ಇನ್ನೊಂದನ್ನು ಅರ್ಥಿಂಗಿಗೂ ಹಿಡಿದರೆ ಬಲ್ಬು ಝಗ್ಗನೆ ಉರಿಯಬೇಕು. ಇಲ್ಲಿ ಬಲ್ಬಿನ ಒಳಗಿನ ಎಳೆ ಮಾತ್ರ ಸ್ವಲ್ಪ ಕೆಂಪಗಾಯಿತು.

“ಬಲ್ಬ್ ಕೆಟ್ಟಿರಬೇಕು,” ಎಂದ ಅಂದಪ್ಪ.

“ಬದಲಸೂಣೇನ್ರಿ ಕಾಕಾ?”

“ಬ್ಯಾಡ ಬಿಡು.”

ಒಂದು ಪಟ್ಟಿ ಬಿಚ್ಚಿದರೆ ಒಳಗಿನ ವೈರಿನ ರಬ್ಬರು ಕೈಗೆ ಪುಡಿಪುಡಿಯಾಗಿ ಬಂತು. ಫ್ಯೂಜಿನಲ್ಲಿ ತೆಳು ತಂತಿಯ ಬದಲು ಮೂರೆಳೆ ಹೊಸೆದ ದಪ್ಪ ತಂತಿ ಇತ್ತು. ಫ್ರಿಜ್ ತಂದ ಮೇಲೆ ಫ್ಯೂಜ್ ಮೇಲಿಂದ ಮೇಲೆ ಹೋಗುತ್ತಿತ್ತೆಂದು ಅಂದಪ್ಪನೇ ಹಾಕಿದ್ದ. ತಾಹೇರ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ, ಓಣಿಯವರು ನೋಡದಿರಲಿ ಎಂದು. ಒಳ್ಳೆಯ ಮನುಷ್ಯ.

“ಸಾಲು ಇವತ್ತಿಗೂ ದಾರ ಹಿಡದಂಗ ಐತ್ರಿ ಕಾಕಾ,” ಎಂದ. “ರಬ್ಬರಿನ ಆಯುಷ್ಯ ಮುಗದೈತಿ. ಅದಕ್ಕ ನೀವೇನ್ ಮಾಡ್ತೀರಿ?”

ಆದರೆ ಅರ್ಥಿಂಗ್ ವಿಷಯದಲ್ಲಿ ಅಂದಪ್ಪ ಮತ್ತೆ ಬಿಗಿದ. ಹಿತ್ತಲಲ್ಲಿ ತೋಡು ಎಂದ. ಹಿತ್ತಲಲ್ಲಿ ಎರಡಡಿಗೇ ಬಂಡೆ ಇರುವುದು ಅವನಿಗೇ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅಲ್ಲವೇ ಅಂದು ಅಂಗಳದಲ್ಲಿ ತೋಡಿದ್ದು?

“ಕಲ್ಲು ಕುಷ್ಟಗಿಯಿಂದ ಟ್ರ್ಯಾಕ್ಟರ್ ಮಾಡಿ ತರಿಸೀನಿ. ಅದನ್ನ ಒಡೀಬೇಕೇನು?”

“ಒಡೀರಿ,” ಎಂದಳು ವಿರೂಪಾಕ್ಷಮ್ಮ ಒಳಗಿನಿಂದ.

“ಬೀಗರು ಬಂದ್ರ...”

“ಬೀಗರಿಗೆ ನಾ ಹೇಳತೀನಿ. ಒಡೀರಿ.”

ಶಿವಲೀಲಾ ಬಾಯಿ ತೆರೆಯಬೇಕಾಗಿಯೇ ಬರಲಿಲ್ಲ. ಅಂದಪ್ಪ ಬಹಳ ಹೊತ್ತು ಕಟ್ಟೆಯ ಮೇಲೆ ಕೂತ. ಕೊನೆಗೆ ತಾನೇ ಸುಣ್ಣದ ಕಡ್ಡಿ ತಂದು, ಅಳೆದು, ಒಂದೇ ಕಲ್ಲು ಹೋಗುವಂತೆ ಚೌಕ ಗೀರಿದ. ಕಲ್ಲು ಎದ್ದಾಗ ಕೆಳಗೆ ಮಣ್ಣು ಸುಡುಬೂದಿಯ ಹಾಗೆ ಒಣಗಿತ್ತು, ಪೈಪು ತುಕ್ಕು ತಿಂದು ತುಂಡಾಗಿತ್ತು. ತಾಹೇರ ಮತ್ತೂ ಆಳಕ್ಕೆ ತೋಡಿಸಿ ಹೊಸ ಪೈಪು ಇಳಿಸಿದ.

ಮುಂದಿನ ಹತ್ತು ದಿನ ಮನೆತುಂಬ ಧೂಳು. ಗೋಡೆ ಕೊರೆದು ಪೈಪು ಹಾಕಿ ಹೊಸ ವೈರು ಎಳೆದರು. ಊಟ ಒಂದೇ ಕಡೆ ಶುರುವಾಗಿತ್ತು. ಅನ್ನದಲ್ಲಿ ಮಣ್ಣು ಸಿಕ್ಕರೂ ಹಾಲೇಶ ದೇವರಿಗೆ ಕೈ ಮುಗಿದು ತಿಂದ. ಅತ್ತೆ ಚಪ್ಪಲಿಯ ಕಡೆ ನೋಡದೆ ಕೆಲಸ ಮಾಡುವುದನ್ನು ಕಲಿತಳು. ಅಂದಪ್ಪ ದಿನವಿಡೀ ತಾಹೇರನ ಬೆನ್ನ ಹಿಂದೆ ನಿಂತು ಅದು ಸೊಟ್ಟ, ಇದು ಸೊಟ್ಟ ಎಂದು ಪ್ರಾಣ ತಿಂದ. ಮೀಟರಿನ ಮಗ್ಗುಲಿಗೆ ಹೊಸ ಡಬ್ಬಿ ಬಂತು, ಅದರಲ್ಲಿ ಟ್ರಿಪ್ಪರ್. ಎಲ್ಲಾದರೂ ಕರೆಂಟ್ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಮನೆಯ ಕರೆಂಟನ್ನೇ ಕಡಿದು ಹಾಕುವ ಸ್ವಿಚ್ಚು.

ಹಚ್ಚಿದ ಮೊದಲ ದಿನವೇ ಅದು ಮೂರು ಸಲ ಟಪ್ಪೆಂದು ಬಿತ್ತು. ಮೂರನೇ ಸಲಕ್ಕೆ ಅಂದಪ್ಪನ ಮುಖ ಅರಳಿತು.

“ನೋಡಿದ್ರೇನು ಹೊಸಾದರ ಹಣೇಬರಾ? ಇದನ್ನ ದಾಟಿಸಿ ನೇರ ತಂತಿ ಕೊಡು ತಾಹೇರ. ನಾ ನೋಡ್ಕೊಂತೀನಿ.”

ಶಿವಲೀಲಾ ಬಂದು ಡಬ್ಬಿಗೆ ಬೆನ್ನು ಕೊಟ್ಟು ನಿಂತಳು.

“ಯಾರೂ ದಾಟಸಂಗಿಲ್ಲ. ಇದು ಬೀಳೂದು ತಪ್ಪಲ್ರಿ ಮಾವಾರ. ಹದಿನೈದು ವರ್ಷ ಇದು ಬೀಳಬೇಕಾಗಿತ್ತು. ಇದರ ಬದಲಿ ನಾವು ಬೀಳತಿದ್ವಿ. ಯಾಕ ಬೀಳಾಕತ್ತೈತಿ ಅದನ್ನ ಹುಡುಕ್ರಿ.”

ತಾಹೇರ ಹುಡುಕಿದ. ಫ್ರಿಜ್ಜಿನ ಹಿಂದೆ, ಮೋಟಾರಿನ ಹತ್ತಿರ ವೈರು ಸವೆದು ಮೈಗೆ ತಾಗಿತ್ತು. “ಇಲ್ಲಿ ಸೋರಿದ್ದು ಅರ್ಥಿಂಗ್ ತಂತಿಗೆ ಬರತಿತ್ತು. ಆ ತಂತಿಗೆ ಇಳಿಯಾಕ ಜಾಗಾ ಇಲ್ಲ. ಅದಕ್ಕ ಅದ ತಂತಿಯ ಗುಂಟ ಗ್ರೈಂಡರಿನ ಮೈಗೆ ಹೋಗತಿತ್ತು. ಗ್ರೈಂಡರಿಂದು ಏನೂ ತಪ್ಪಿಲ್ಲ.”

ಶಿವಲೀಲಾ ಮಾವನ ಕಡೆ ನೋಡಿದಳು. ಹೇಳಲೇಬೇಕೆಂದಿರಲಿಲ್ಲ, ಆದರೂ ಹೇಳಿದಳು. “ನಮ್ಮಪ್ಪ ಸುಮ್ನ ಬೈಸಿಕೊಂಡಾ.”

ಫ್ರಿಜ್ಜಿನ ವೈರು ಬದಲಾಯಿತು. ಟ್ರಿಪ್ಪರ್ ಮತ್ತೆ ಬೀಳಲಿಲ್ಲ. ತಾಹೇರ ಬಲ್ಬು ಹಿಡಿದ, ಝಗ್ಗನೆ ಉರಿಯಿತು, ಟ್ರಿಪ್ಪರ್ ಆ ಕ್ಷಣವೇ ಬಿದ್ದು ತನ್ನ ಕೆಲಸವನ್ನೂ ತೋರಿಸಿತು. ಅಂದೇ ಶಿವಲೀಲಾ ಎರಡೂ ಜೊತೆ ಚಪ್ಪಲಿಯನ್ನು ಹೊರಗೆ ಬಿಟ್ಟಳು. ಯಾರೂ ಅವಳಿಗೆ ಹೇಳಬೇಕಾಗಲಿಲ್ಲ.

ಮರುದಿನ ಮುಂಜಾನೆ, ಯುಗಾದಿಗೆ ಐದು ದಿನ ಇರುವಾಗ, ಶಿವಲೀಲಾ ಅಕ್ಕಿ ತೊಳೆದು ಗ್ರೈಂಡರ್ ಹಚ್ಚಿದಳು. ವಿರೂಪಾಕ್ಷಮ್ಮ ಸ್ನಾನ ಮಾಡಿ ಒದ್ದೆ ಕಾಲಲ್ಲೇ ಒಳಗೆ ಬಂದಳು. ತಿರುಗುತ್ತಿದ್ದ ಗ್ರೈಂಡರಿನ ಮುಂದೆ ನಿಂತಳು. ಬೆರಳ ಹಿಂಬದಿ ಇಡಲಿಲ್ಲ. ಎರಡೂ ಅಂಗೈಯಿಂದ ಅದರ ಸ್ಟೀಲಿನ ಮೈಯನ್ನು ಗಟ್ಟಿಯಾಗಿ ಹಿಡಿದಳು. ಹಿಡಿದುಕೊಂಡೇ ನಿಂತಳು.

ಅಂದಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಹೆಮ್ಮೆ ತಡೆಯಲಾಗಲಿಲ್ಲ. “ಹೆಂಗ? ನಾ ನಿಂತು ಮಾಡಿಸಿದ್ದು.”

ವಿರೂಪಾಕ್ಷಮ್ಮ ತಿರುಗಿದಾಗ ಅವಳ ಕಣ್ಣಲ್ಲಿ ನೀರಿತ್ತು, ಆದರೆ ಅದು ಸಂತೋಷದ್ದಲ್ಲ.

“ಹತ್ತ ದಿನದ ಕೆಲಸ. ಹತ್ತ ದಿನ! ಹದಿನೈದು ವರ್ಷ ಇದು ಕರೆಂಟಿನ ಸ್ವಭಾವ ಅಂತ ತಿಳಕೊಂಡಿದ್ದೆ. ಸೊಸಿಗೆ ಕಲಿಸಿದೆ, ಮೊಮ್ಮಗಳಿಗೂ ಕಲಸಾಕ ಹೋದೆ. ಮಗಳು ಎರಡ ದಿನಕ್ಕ ಓಡಿ ಹೋದ್ರ ಬೀಗತಿಗೆ ಹಿಡಿಶಾಪ ಹಾಕಿದೆ.” ಅವಳು ಸೊಂಟದಿಂದ ಫೋನ್ ತೆಗೆದು ಗಂಡನ ಮುಂದೆ ಹಿಡಿದಳು. “ಹಚ್ರಿ. ರೇಣುಕಾಗ ಹಚ್ರಿ. ನೀವ ಹೇಳ್ರಿ.”

“ಏನಂತ ಹೇಳ್ಲಿ?”

“ನನಗ ಹೇಳಿದ್ದು.”

ಅಂದಪ್ಪ ಮಗನ ಮುಖ ನೋಡಿದ. ಹಾಲೇಶ ಎಲ್ಲ ಬಿಟ್ಟು ಚಹಾದ ಬಟ್ಟಲಿನ ತಳ ನೋಡುತ್ತಿದ್ದ. ಅಂದಪ್ಪ ಫೋನ್ ತಗೊಂಡ. ಸ್ಪೀಕರ್ ಹೆಂಡತಿಯೇ ಒತ್ತಿದಳು.

“ಅಪ್ಪಾ? ಇಷ್ಟ ಮುಂಜಾನಿ? ಎಲ್ಲಾರೂ ಆರಾಮ ಅದೀರಿಲ್ಲೋ?” ಎಂದಳು ರೇಣುಕಮ್ಮ.

“ಅದೀವಿ. ವೈರಿಂಗ್ ಹೊಸಾದು ಮಾಡಿಸೇವಿ. ಇನ್ನ ಎಲ್ಲೂ ಕಡಿಯಂಗಿಲ್ಲ.” ನಿಲ್ಲಿಸಿದ. ವಿರೂಪಾಕ್ಷಮ್ಮ ಅಲುಗಾಡಲಿಲ್ಲ. “ಮಗಾ, ಅದು... ಅರ್ಥಿಂಗ್ ನಾನ ಮುಚ್ಚಿಸಿದ್ದೆ. ನಿನ್ನ ಮದುವಿಗೆ ಕಲ್ಲ ಹಾಕಿದಾಗ. ಛಂದ ಕಾಣ್ಲಿ ಅಂತ. ಗೊತ್ತಿದ್ದ ಮುಚ್ಚಿದೆ. ತಪ್ಪು ನಂದು.”

ಆ ಕಡೆ ಯಾವುದೋ ಪಾತ್ರೆ ಇಟ್ಟ ಸದ್ದಾಯಿತು.

“ಗೊತ್ತೈತಪ್ಪಾ. ನಮ್ಮ ಹೊಸ ಮನಿಗೆ ವೈರಿಂಗ್‌ನವರು ಗುಂಡಿ ತೋಡಿ, ದಿನಾ ನೀರ ಹಾಕ್ರಿ ಅಂದಾಗಲೇ ನನಗ ತಿಳೀತು. ಆರ ವರ್ಷ ಆತು.”

“ಆರ ವರ್ಷ? ಹೇಳಬೇಕಿಲ್ಲೇನು?”

“ನಿಮಗ ಹೇಳೂ ಧೈರ್ಯ ನಮ್ಮನ್ಯಾಗ ಯಾರಿಗಿತ್ತಪ್ಪಾ?”

ಅಂದಪ್ಪನ ಕೈ ಇಳಿಯಿತು. ವಿರೂಪಾಕ್ಷಮ್ಮ ಫೋನನ್ನು ಅವನ ಕೈಯಿಂದ ತಗೊಂಡು ಬಾಯಿಯ ಹತ್ತಿರ ಹಿಡಿದಳು.

“ಒಬ್ಬಾಕಿಗಿತ್ತು,” ಎಂದಳು. “ನಿನಗೂ ಇರಲಿಲ್ಲ, ನನಗೂ ಇರಲಿಲ್ಲ. ಆಕಿಗಿತ್ತು. ಇಲ್ಲೇ ನಿಂತಾಳ, ಅಕ್ಕಿ ಹಾಕಾಕತ್ತಾಳ. ನೀ ಯುಗಾದಿಗೆ ಹುಡುಗರನ್ನ ಕಟ್ಟಿಕೊಂಡು ಬಾ. ಎಂಟ ದಿನ ಇರಬೇಕು, ಈಗ ಹೇಳಿರತೀನಿ.”

ಶಿವಲೀಲಾ ತಲೆ ತಗ್ಗಿಸಲಿಲ್ಲ. ಇನ್ನೊಂದು ಹಿಡಿ ಅಕ್ಕಿ ತೆಗೆದು ಗ್ರೈಂಡರಿಗೆ ಸುರಿದಳು.